ದಪ್ಪ ಸ್ಲ್ಯಾಬ್ ಫಾಂಟ್: ನಾನು 'ಎಚ್' ಬಿಟ್ಟು 'ಎಸ್'ನಿಂದ ಶುರು ಮಾಡಿದ್ದೇಕೆ

ಇಂಗ್ಲಿಷ್ ಫಾಂಟ್ ಮಾಡುವವರು ಸಾಮಾನ್ಯವಾಗಿ ದೊಡ್ಡ 'ಎಚ್', ಸಣ್ಣ 'ಎನ್' ಮೊದಲು ಬಿಡಿಸುತ್ತಾರೆ. ಪೋಸ್ಟರ್‌ಗೆಂದು ಹಳೇ ಧಾಟಿಯ ದಪ್ಪ ಸ್ಲ್ಯಾಬ್ ಸೆರಿಫ್ ಫಾಂಟ್ (ಸೆರಿಫ್ ಅಂದರೆ ಅಕ್ಷರದ ಗೆರೆಯ ತುದಿಯಲ್ಲಿರುವ ಚಿಕ್ಕ ಅಡ್ಡಪಟ್ಟಿ; ಸ್ಲ್ಯಾಬ್‌ನಲ್ಲಿ ಅದು ದಪ್ಪಗಿರುತ್ತದೆ) ಮಾಡಲು ಕೂತಾಗ ನಾನು ಸಣ್ಣ 'ಎ', 'ಇ', 'ಎಸ್'ಗಳಿಂದ ಶುರು ಮಾಡಿದೆ. 'ಎಚ್' ಎಷ್ಟು ದಪ್ಪ ಮಾಡಿದರೂ ತಡೆದುಕೊಳ್ಳುತ್ತದೆ. ಈ ಮೂರಕ್ಕೆ ಅದು ಆಗಲ್ಲ. ಗಿಡ್ಡ ಎತ್ತರದಲ್ಲೇ ಮೂರು ಅಡ್ಡಗೆರೆ ಹಿಡಿಸಬೇಕು, ನಡುವೆ ಎರಡು ಬಿಳಿ ಜಾಗವೂ ಉಳಿಯಬೇಕು.

ನನ್ನ ಸಣ್ಣಕ್ಷರದ ಎತ್ತರ 540 ಯೂನಿಟ್ (ಫಾಂಟ್ ಬಿಡಿಸುವಾಗಿನ ಅಳತೆ), ನಿಂತ ಗೆರೆಯ ದಪ್ಪ 190. ಅಡ್ಡಗೆರೆಗೂ ಅಷ್ಟೇ ಕೊಟ್ಟರೆ ಮೂರು ಸೇರಿ 570. ಅಕ್ಷರದೊಳಗೆ ಹಿಡಿಸುವುದೇ ಇಲ್ಲ! ಹಾಗಾಗಿ 'ಇ'ಯಲ್ಲಿ ಮೇಲಿನದು, ಕೆಳಗಿನದು 120, ನಡುವಿನದು 100 ಇಟ್ಟೆ. ಎರಡು ಬಿಳಿ ಜಾಗಕ್ಕೂ ತಲಾ 100 ಸಿಕ್ಕಿತು. ನೋಡಿದರೆ ವ್ಯತ್ಯಾಸ ಅಷ್ಟಾಗಿ ಎದ್ದು ಕಾಣುವುದಿಲ್ಲ, ಯಾಕೆಂದರೆ ಅಡ್ಡಗೆರೆ ಕಣ್ಣಿಗೆ ಯಾವಾಗಲೂ ಸ್ವಲ್ಪ ಜಾಸ್ತಿ ದಪ್ಪ ಕಾಣುತ್ತದೆ. 'ಎಸ್'ನಲ್ಲಿ ಲೆಕ್ಕ ಉಲ್ಟಾ. ಅಲ್ಲಿ ನಡುವಿನ ಓರೆಗೆರೆಯೇ ದಪ್ಪ, ಮೇಲೆ ಕೆಳಗೆ ತೆಳು. ಇವು ಕೂತ ಮೇಲೆ 'ಎಚ್' ಸಲೀಸಾಗಿ ಬಂತು.

ಆಮೇಲೆ ಸೆರಿಫ್. 1810ರ ದಶಕದಲ್ಲಿ ಲಂಡನ್ನಿನ ಅಚ್ಚಕ್ಷರ ತಯಾರಕ ವಿನ್ಸೆಂಟ್ ಫಿಗಿನ್ಸ್ 'ಆಂಟಿಕ್' ಹೆಸರಲ್ಲಿ ಕೊಟ್ಟ ಸ್ಲ್ಯಾಬ್‌ನಲ್ಲಿ ಸೆರಿಫ್ ನೇರವಾಗಿ, ಮೂಲೆ ಮೂಲೆಯಾಗಿ ಸೇರುತ್ತದೆ. 1845ರಲ್ಲಿ ರಾಬರ್ಟ್ ಬೆಸ್ಲಿಯ ಫೌಂಡ್ರಿಯಿಂದ (ಅಚ್ಚಕ್ಷರ ಎರಕ ಹೊಯ್ಯುವ ಕಾರ್ಖಾನೆ) ಬಂದ ಕ್ಲಾರೆಂಡನ್ ಎಂಬ ಸ್ಲ್ಯಾಬ್‌ನಲ್ಲಿ ಆ ಮೂಲೆಗೆ ಒಂದು ಬಾಗು ಇದೆ. ನನಗೆ ಇಷ್ಟವಾಗಿದ್ದು ಅದೇ. ಆದರೆ ದಪ್ಪ ಅಕ್ಷರದಲ್ಲಿ ಬಾಗು ಬಿಳಿ ಜಾಗ ತಿನ್ನುತ್ತದೆ. ಹಾಗಾಗಿ 'ಎನ್'ನ ಕಾಲುಗಳ ಒಳಬದಿಯ ಸೆರಿಫ್ ಹೊರಬದಿಗಿಂತ ಮೋಟು. ಸಣ್ಣ 'ಎಂ'ನಲ್ಲಿ ಇನ್ನೂ ಕತ್ತರಿಸಿದೆ, ಇಲ್ಲದಿದ್ದರೆ ಮೂರು ಕಾಲೂ ಕೆಳಗೆ ಅಂಟಿಕೊಳ್ಳುತ್ತವೆ.

ಹಳೇ ಲುಕ್ ಬೇಕೆಂದು ಸುಮ್ನೆ ಸವೆದ ಮಸಿಯ ಎಫೆಕ್ಟ್ ಹಾಕುವುದು ನನಗೆ ಒಪ್ಪಿಗೆಯಿಲ್ಲ. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ರೌಟರ್ ಎಂಬ ಮರ ಕೊರೆಯುವ ಯಂತ್ರದಿಂದ ಮರದ ಅಚ್ಚಕ್ಷರ ಕೊರೆಯಲು ಶುರು ಮಾಡಿದ. ಆ ನಂತರದ ಪೋಸ್ಟರ್‌ಗಳಲ್ಲಿ ಒಂದೊಂದು ಅಚ್ಚು ಒಂದೊಂದು ಥರ ಸವೆದಿರುತ್ತದೆ. ಫಾಂಟ್‌ನಲ್ಲಿ ಎರಡು 'ಇ' ಪಕ್ಕಪಕ್ಕ ಬಂದರೆ ಎರಡರಲ್ಲೂ ಅದೇ ಜಾಗಕ್ಕೆ ಅದೇ ಗೀರು. ಕಣ್ಣು ತಕ್ಷಣ ಹಿಡಿದುಬಿಡುತ್ತದೆ, ಅಲ್ವಾ? ನಾನು ಹೊರಮೂಲೆಗಳನ್ನು ಕೂದಲೆಳೆಯಷ್ಟು ದುಂಡಗೆ ಮಾಡಿ ಬಿಟ್ಟೆ. ದೊಡ್ಡ ಸೈಜಿನಲ್ಲಿ ಆ ಮೆತ್ತಗಿನ ಅಂಚು ಬಹಳ ಚೆನ್ನಾಗಿ ಕಾಣುತ್ತದೆ.

ಸ್ಪೇಸಿಂಗ್ ಬಿಗಿ ಇಟ್ಟೆ. ಎರಡು ಅಕ್ಷರಗಳ ಸೆರಿಫ್ ಮಧ್ಯೆ ತೆಳ್ಳನೆ ಬೆಳಕು ಉಳಿದರೆ ಸಾಕು. ಕರ್ನಿಂಗ್ (ನಿರ್ದಿಷ್ಟ ಜೋಡಿ ಅಕ್ಷರಗಳ ನಡುವಿನ ಅಂತರ ಸರಿಪಡಿಸುವುದು) ಹೆಚ್ಚು ಬೇಡಿದ್ದು ದೊಡ್ಡಕ್ಷರಗಳ ಜೋಡಿಗಳು: 'ಎಲ್' ಪಕ್ಕ 'ಟಿ', 'ಎ' ಪಕ್ಕ 'ವಿ'. 'ಎ', 'ವಿ' ಜೋಡಿಯಲ್ಲಿ ಸೆರಿಫ್‌ಗಳೇ ಅಡ್ಡ ಬರುವುದರಿಂದ ಬೇರೆ ಫಾಂಟ್‌ಗಳಷ್ಟು ಹತ್ತಿರ ತರಲಾಗದು. ಅದಕ್ಕೆ 'ಎ'ಯ ಬಲಗಾಲಿನ ಹೊರ ಸೆರಿಫನ್ನೇ ಸ್ವಲ್ಪ ಗಿಡ್ಡ ಮಾಡಿದೆ.