ಹಳೆಯ ವಾಲ್ವ್ ರೇಡಿಯೊದ ಮರದ ಪೆಟ್ಟಿಗೆಗೆ ಮತ್ತೆ ಪಾಲಿಶ್ ಮಾಡುವ ಕ್ರಮ

ವಾಲ್ವ್ ರೇಡಿಯೊದ, ಅಂದರೆ ಟ್ರಾನ್ಸಿಸ್ಟರ್ ಬರುವ ಮುಂಚಿನ, ಗಾಜಿನ ವಾಲ್ವ್‌ಗಳಿಂದ ನಡೆಯುವ ರೇಡಿಯೊದ ಪೆಟ್ಟಿಗೆ ನೋಡುವುದಕ್ಕೆ ಇಡಿಯಾಗಿ ಗಟ್ಟಿ ಮರದಲ್ಲಿ ಮಾಡಿದಂತೆ ಕಂಡರೂ, ಹೆಚ್ಚಿನವು ಪ್ಲೈವುಡ್‌ನ ಮೇಲೆ ತೇಗ, ವಾಲ್‌ನಟ್ ಮುಂತಾದ ಮರಗಳ ತೆಳು ಹಾಳೆಯನ್ನು, ಅಂದರೆ ವಿನಿಯರನ್ನು ಅಂಟಿಸಿ ಮಾಡಿದವು. ಈ ಹಾಳೆ ಸಾಮಾನ್ಯವಾಗಿ ಒಂದು ಮಿಲಿಮೀಟರ್‌ಗಿಂತಲೂ ತೆಳ್ಳಗಿರುತ್ತದೆ. ಉಜ್ಜುವ ಯಂತ್ರವನ್ನು ಸ್ವಲ್ಪ ಹೊತ್ತು ಒಂದೇ ಕಡೆ ಹಿಡಿದರೆ ಹಾಳೆ ಸವೆದು ಕೆಳಗಿನ ಪ್ಲೈವುಡ್ ಹೊರಬೀಳುತ್ತದೆ; ಆಮೇಲೆ ಯಾವ ಪಾಲಿಶ್ ಕೂಡ ಆ ಗುರುತನ್ನು ಮುಚ್ಚಲಾರದು. ನಮ್ಮ ಮನೆಯ ರೇಡಿಯೊದ ಎಡ ಅಂಚಿನ ವಿನಿಯರನ್ನು ನಾನು ಹೀಗೆಯೇ ಕಳೆದುಕೊಂಡೆ. ಆದ್ದರಿಂದ ಹಳೆಯದರಲ್ಲಿ ಎಷ್ಟನ್ನು ಉಳಿಸಿಕೊಳ್ಳಬಹುದು ಎಂಬುದನ್ನು ನೋಡಿಯೇ ಕೆಲಸಕ್ಕೆ ಕೈ ಹಾಕಬೇಕು.

ಮೊದಲು ಒಳಗಿನ ಯಂತ್ರಭಾಗವನ್ನು ಹೊರತೆಗೆಯಬೇಕು. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರಬಹುದಾದ್ದರಿಂದ, ಇದರ ಅನುಭವವಿಲ್ಲದವರು ಈ ಭಾಗವನ್ನಷ್ಟೇ ರೇಡಿಯೊ ರಿಪೇರಿ ಮಾಡುವವರಿಂದ ಬಿಚ್ಚಿಸುವುದು ಒಳ್ಳೆಯದು. ಗುಂಡಿಗಳು, ಸ್ಪೀಕರಿನ ಬಟ್ಟೆ, ಡಯಲ್ ಗಾಜು ಇವುಗಳನ್ನು ತೆಗೆಯುವ ಮುನ್ನ ಎಲ್ಲ ಕಡೆಯಿಂದಲೂ ಫೋಟೊ ತೆಗೆದಿಟ್ಟುಕೊಳ್ಳಿ. ಡಯಲ್ ಗಾಜಿನ ಹಿಂಬದಿಯಲ್ಲಿ ಅಚ್ಚಾಗಿರುವ ಊರುಗಳ ಹೆಸರು ಮತ್ತು ಅಂಕಿಗಳು ಎಷ್ಟು ನಾಜೂಕಾಗಿರುತ್ತವೆಂದರೆ, ಒದ್ದೆ ಬಟ್ಟೆ ತಾಗಿದರೂ ಅಕ್ಷರಗಳು ಕಿತ್ತು ಬರಬಹುದು. ಗಾಜಿನ ಮುಂಬದಿಯನ್ನು ಮಾತ್ರ ಒರೆಸಿ. ಹಿಂಬದಿಗೆ ಮೆತ್ತನೆಯ ಬ್ರಷ್ಷಿನಿಂದ ದೂಳು ಕೊಡವಿದರೆ ಸಾಕು.

ಮುಂದಿನ ಪ್ರಶ್ನೆ, ಪೆಟ್ಟಿಗೆಯ ಮೇಲಿರುವ ಹೊಳಪು ಯಾವುದು ಎಂಬುದು. ತಳದ ಹತ್ತಿರ, ಕಣ್ಣಿಗೆ ಬೀಳದ ಜಾಗದಲ್ಲಿ, ಸ್ಪಿರಿಟ್ (ಮದ್ಯಸಾರ) ಅದ್ದಿದ ಹತ್ತಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಮೇಲ್ಮೈ ಅಂಟಂಟಾಗಿ ಹತ್ತಿಗೆ ಕಂದು ಬಣ್ಣ ಹತ್ತಿದರೆ ಅದು ಅರಗಿನ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಕರಗಿದರೆ ಅದು ಲ್ಯಾಕರ್, ಅಂದರೆ ಸಿಂಪಡಿಸಿ ಹಾಕುವ ಒಂದು ಬಗೆಯ ವಾರ್ನಿಷ್. ಲ್ಯಾಕರ್ ಹಾಕಿದ ಪೆಟ್ಟಿಗೆಗಳ ಅಂಚುಗಳಲ್ಲಿ ಕಾಣುವ ಗಾಢ ಪಟ್ಟಿಗಳು ಅನೇಕ ವೇಳೆ ಮರದ ಬಣ್ಣವಲ್ಲ, ಲ್ಯಾಕರಿಗೆ ಬೆರೆಸಿ ಸಿಂಪಡಿಸಿದ ಬಣ್ಣ. ಹಳೆಯ ಪದರವನ್ನು ಪೂರ್ತಿ ಕೆರೆದು ತೆಗೆದರೆ ಆ ಪಟ್ಟಿಗಳೂ ಅದರೊಂದಿಗೇ ಹೋಗುತ್ತವೆ.

ದಶಕಗಳ ಎಣ್ಣೆ ಮತ್ತು ಹೊಗೆಯ ಜಿಡ್ಡನ್ನು ತೆಗೆಯಲು ಟರ್ಪೆಂಟೈನ್ ಅದ್ದಿದ ಬಟ್ಟೆಯೇ ಸಾಕಾಗುತ್ತದೆ. ಮಸುಕಾಗಿದೆ ಎಂದುಕೊಂಡಿದ್ದ ಪೆಟ್ಟಿಗೆ ಎಷ್ಟೋ ಸಲ ಇಷ್ಟರಲ್ಲೇ ಕಳೆ ಪಡೆಯುತ್ತದೆ, ಮತ್ತು ಹಾಗಾದರೆ ಅಲ್ಲಿಗೇ ನಿಲ್ಲಿಸುವುದು ಉತ್ತಮ. ಎದ್ದ ವಿನಿಯರಿನ ಅಡಿಗೆ ತೆಳುವಾದ ಚಾಕುವಿನ ತುದಿಯಿಂದ ಫೆವಿಕಾಲ್ ಸೇರಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ, ಮೇಲೆ ಭಾರವಿಟ್ಟು ಒಂದು ರಾತ್ರಿ ಬಿಡಿ. ಹಾಳೆ ಕಿತ್ತುಹೋಗಿದ್ದರೆ ತೇಪೆಯನ್ನು ಚೌಕವಾಗಿ ಕತ್ತರಿಸದೆ ದೋಣಿಯಾಕಾರದಲ್ಲಿ, ಮರದ ಎಳೆಗಳು ಒಂದೇ ದಿಕ್ಕಿಗೆ ಬರುವಂತೆ ಕತ್ತರಿಸಬೇಕು. ಎಳೆಗೆ ಅಡ್ಡಲಾಗಿ ಬರುವ ನೇರ ಗೆರೆಯನ್ನು ಕಣ್ಣು ಕೂಡಲೇ ಗುರುತಿಸುತ್ತದೆ. ಕುಟ್ಟೆ ಹಿಡಿದ ರಂಧ್ರಗಳಿದ್ದರೆ ಮೊದಲು ಸಿರಿಂಜಿನಿಂದ ಔಷಧಿ ಹಾಕಿ, ಪುಡಿ ಉದುರುವುದು ನಿಂತ ಮೇಲೆ ಮೇಣ ತುಂಬಿ.

ಇನ್ನು ಪಾಲಿಶ್. ಅರಗು ನಮಗೆ ಹೊಸದೇನಲ್ಲ: ಮುತ್ತುಗ, ಎಲಚಿ ಮುಂತಾದ ಮರಗಳ ಮೇಲೆ ಬದುಕುವ ಸಣ್ಣ ಕೀಟಗಳು ಸ್ರವಿಸುವ ಈ ಅಂಟೇ ಚನ್ನಪಟ್ಟಣದ ಗೊಂಬೆಗಳಿಗೂ ಹೊಳಪು ಕೊಡುತ್ತದೆ. ಒಂದು ಲೀಟರ್ ಸ್ಪಿರಿಟ್‌ಗೆ ಸುಮಾರು 150 ಗ್ರಾಂ ಅರಗಿನ ಚಕ್ಕೆಯನ್ನು ಹಾಕಿ, ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಕರಗಲು ಬಿಟ್ಟು, ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಸೋಸಿಕೊಳ್ಳಿ. ಕಬ್ಬಿಣದ ಡಬ್ಬಿ ಬೇಡ, ಅದರಲ್ಲಿ ಅರಗು ಕಪ್ಪಾಗುತ್ತದೆ. ಕೋಣೆಯ ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಇರಕೂಡದು.

ಹಿಡಿಯಷ್ಟು ಹತ್ತಿಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ತಳದಲ್ಲಿ ಒಂದು ಸುಕ್ಕೂ ಇಲ್ಲದಂತೆ ಬಿಗಿಯಾದ ಉಂಡೆ ಕಟ್ಟಿ. ಪಾಲಿಶನ್ನು ಒಳಗಿನ ಹತ್ತಿಗೆ ಕುಡಿಸಬೇಕೇ ಹೊರತು ಹೊರಗಿನ ಬಟ್ಟೆಯನ್ನು ಅದ್ದಬಾರದು. ಬೆರಳಿನಿಂದ ಒತ್ತಿದಾಗ ಬಟ್ಟೆಯ ಮೇಲೆ ತೇವ ಜಿನುಗಿದರೆ ಅಷ್ಟೇ ಹದ. ತಳಕ್ಕೆ ಒಂದು ತೊಟ್ಟು ಅಗಸೆ ಎಣ್ಣೆ ಸವರಿದರೆ ಉಂಡೆ ಹಿಡಿದುಕೊಳ್ಳದೆ ಜಾರುತ್ತದೆ. ವಿಮಾನ ನೆಲಕ್ಕಿಳಿಯುವಂತೆ ಒಂದು ಅಂಚಿನಿಂದ ಇಳಿಸಿ, ಸಣ್ಣ ಸುತ್ತುಗಳಲ್ಲಿ ಸಾಗಿ, ಇನ್ನೊಂದು ಅಂಚಿನಲ್ಲಿ ಮೇಲಕ್ಕೆತ್ತಬೇಕು. ನಡುವೆ ಎಲ್ಲಿಯೂ ನಿಲ್ಲಿಸಬಾರದು, ಏಕೆಂದರೆ ನಿಂತ ಕಡೆ ಕೆಳಗಿನ ಪದರ ಕರಗಿ ಕಿತ್ತು ಬರುತ್ತದೆ. ಕೈಗೆ ಎಳೆತ ಸಿಕ್ಕತೊಡಗಿದ ಕೂಡಲೇ ಆ ದಿನದ ಕೆಲಸ ಮುಗಿಸಿ. ಮರುದಿನ 400ನೇ ನಂಬರಿನ ಉಪ್ಪುಕಾಗದದಿಂದ ಹೂವಿನಂತೆ ಹಗುರವಾಗಿ ಸವರಿ ಮುಂದುವರಿಸಿ. ಹೀಗೆ ಮೂರ್ನಾಲ್ಕು ದಿನ ಮಾಡಿ, ಕೊನೆಯ ಸುತ್ತನ್ನು ಎಳೆಗಳ ಉದ್ದಕ್ಕೆ ನೇರವಾಗಿ ಎಳೆಯಿರಿ. ಅಗಸೆ ಎಣ್ಣೆ ಹತ್ತಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯಬೇಡಿ. ಅವು ತಾವಾಗಿಯೇ ಹೊತ್ತಿಕೊಳ್ಳಬಲ್ಲವು, ಬಿಡಿಸಿ ಹರವಿ ಒಣಗಿಸಿ.

ಈ ಕೆಲಸಕ್ಕೆ ಒಣ ಹವೆ ಬೇಕು. ಮಲೆನಾಡು ಮತ್ತು ಕರಾವಳಿಯವರು ಮಳೆಗಾಲ ಕಳೆಯುವವರೆಗೆ ಕಾಯುವುದೇ ಸರಿ. ತೇವದ ಗಾಳಿಯಲ್ಲಿ ಅರಗು ಹಾಲಿನಂತೆ ಬೆಳ್ಳಗಾಗುತ್ತದೆ. ಹಾಗಾದರೂ ಗಾಬರಿ ಬೇಡ, ಒಣ ಹವೆಯ ದಿನ ಸ್ಪಿರಿಟ್‌ನ ಪಸೆಯಷ್ಟೇ ಇರುವ ಉಂಡೆಯನ್ನು ಮೇಲೆ ಹಾಯಿಸಿದರೆ ಸಾಮಾನ್ಯವಾಗಿ ಬಿಳುಪು ಮಾಯವಾಗುತ್ತದೆ.

ಎರಡು ವಾರ ಒಣಗಿದ ಮೇಲೆ ಜೇನುಮೇಣ ಸವರಿ ಉಜ್ಜಿ, ಬಿಚ್ಚಿದ್ದನ್ನೆಲ್ಲ ಜೋಡಿಸಬಹುದು. ಗುಂಡಿಗಳು ಹೊಸ ಪಾಲಿಶನ್ನು ಗೀರದಂತೆ ಅವುಗಳ ಹಿಂದೆ ಫೆಲ್ಟ್ ಬಿಲ್ಲೆಗಳನ್ನು ಇಡಿ. ವಾಲ್ವ್‌ಗಳು ಬಿಸಿಯಾಗುವುದರಿಂದ ಪೆಟ್ಟಿಗೆಯ ಬೆನ್ನು ಗೋಡೆಗೆ ತಾಗದಂತೆ ನಾಲ್ಕು ಬೆರಳು ಅಂತರವಿರಲಿ, ಮೇಲೆ ಹೂದಾನಿಯನ್ನಾಗಲಿ ಕಾಫಿ ಲೋಟವನ್ನಾಗಲಿ ಇಡಬೇಡಿ. ಅರಗಿನ ಮೇಲೆ ನೀರು ನಿಂತರೆ ಬಿಳಿಯ ಉಂಗುರ ಮೂಡುತ್ತದೆ.