ಇಬ್ಬನಿಯ ನಾಡಿನಲ್ಲಿ ಇರುಳಿನ ಟೈಮ್‌ಲ್ಯಾಪ್ಸ್: ನನ್ನ ಅನುಭವ

ಮಲೆನಾಡಿನಲ್ಲಿ ರಾತ್ರಿ ಆಕಾಶದ ಟೈಮ್‌ಲ್ಯಾಪ್ಸ್ (ಗಂಟೆಗಟ್ಟಲೆ ಬಿಟ್ಟು ಬಿಟ್ಟು ತೆಗೆದ ಫೋಟೋಗಳನ್ನು ಜೋಡಿಸಿ ಮಾಡುವ ವಿಡಿಯೋ) ಕೆಡಿಸುವುದು ಹೆಚ್ಚಾಗಿ ಇಬ್ಬನಿ. ಹಳೆಯ ಎಪಿಎಸ್-ಸಿ (ಸಣ್ಣ ಸೆನ್ಸರಿನ) ಕ್ಯಾಮೆರಾ, ಅಗಲ ನೋಟದ, ಹೆಚ್ಚು ಬೆಳಕು ಬಿಡುವ 14 ಮಿಮೀ ಎಫ್/2.8 ಲೆನ್ಸ್, ಅಲುಗದ ಟ್ರೈಪಾಡ್ ಇದ್ದರೆ ನಕ್ಷತ್ರಗಳ ಒಂದು ಒಳ್ಳೆಯ ಫೋಟೋ ಯಾರಿಗಾದರೂ ಸಿಗುತ್ತದೆ. ಕಷ್ಟವಿರುವುದು ಅದೇ ಫೋಟೋವನ್ನು ಆರು ಗಂಟೆ ಕಾಲ, ನಡುವೆ ಒಂದೂ ತಪ್ಪದಂತೆ, ಒಂಬೈನೂರು ಸಲ ತೆಗೆಯುವುದರಲ್ಲಿ. ಹಾಗಾಗಿ ಕ್ಯಾಮೆರಾ ಸೆಟ್ಟಿಂಗ್‌ಗಿಂತ ಮೊದಲು ಇಬ್ಬನಿಯ ಮಾತು.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ನವೆಂಬರ್‌ನಿಂದ ಮೋಡವಿಲ್ಲದ ರಾತ್ರಿಗಳು ಸಿಗುತ್ತವೆ. ಇಬ್ಬನಿ ಸುರಿಯುವುದೂ ಅದೇ ರಾತ್ರಿಗಳಲ್ಲಿ. ಬಯಲಾದ ಆಕಾಶಕ್ಕೆ ಮುಖ ಮಾಡಿದ ಗಾಜು ತನ್ನ ಶಾಖವನ್ನು ಮೇಲಕ್ಕೆ ಬಿಟ್ಟುಕೊಡುತ್ತಾ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಗಾಳಿಯಲ್ಲಿ ಮೊದಲೇ ತೇವ ತುಂಬಿರುವಾಗ ಅಷ್ಟು ಸಾಕು, ಲೆನ್ಸಿನ ಮೇಲೆ ನೀರು ಕೂರುತ್ತದೆ. ಮೊದಲು ದೊಡ್ಡ ನಕ್ಷತ್ರಗಳ ಸುತ್ತ ಮಸುಕು ಬೆಳಕು ಹರಡುತ್ತದೆ, ಸಣ್ಣ ನಕ್ಷತ್ರಗಳು ಕಡಿಮೆಯಾಗುತ್ತವೆ. ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಇದು ಚೆಂದವಾಗಿಯೇ ಕಾಣುವುದರಿಂದ ಮೋಸ ಹೋಗುವುದು ಸುಲಭ. ಮುಂದಿನ ಅರ್ಧ ಗಂಟೆಯಲ್ಲಿ ಇಡೀ ಫ್ರೇಮ್ ಹಾಲು ಬಿಳುಪಾಗುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಕೂರುತ್ತದೆ, ಒರೆಸುವ ಕೈ ತಗುಲಿ ಚೌಕಟ್ಟೂ ಜರುಗುತ್ತದೆ. ಹೀಗೆ ಕೆಟ್ಟದ್ದನ್ನು ಯಾವ ಸಾಫ್ಟ್‌ವೇರೂ ಸರಿ ಮಾಡುವುದಿಲ್ಲ.

ಇದಕ್ಕೆ ಮದ್ದು ಲೆನ್ಸನ್ನು ಒಂಚೂರು ಬೆಚ್ಚಗಿಡುವುದು. ಯುಎಸ್‌ಬಿ ಹೀಟರ್ ಪಟ್ಟಿ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಮನೆಯಲ್ಲೇ ಮಾಡಿಕೊಂಡರೆ ಲೆನ್ಸಿನ ಅಳತೆಗೆ ಸರಿಯಾಗಿ ಕೂರುತ್ತದೆ. ಬೇಕಾದದ್ದು 47 ಓಮ್‌ನ 1 ವ್ಯಾಟ್ ರೆಸಿಸ್ಟರ್ ಎಂಟು, ಒಂದು ಹಳೆಯ ಯುಎಸ್‌ಬಿ ಕೇಬಲ್, ಹತ್ತಿ ಬಟ್ಟೆ, ವೆಲ್ಕ್ರೋ. 77 ಮಿಮೀ ಅಗಲದ ಲೆನ್ಸಿನ ಸುತ್ತಳತೆ ಸುಮಾರು 24 ಸೆಂಟಿಮೀಟರ್. ಅಷ್ಟುದ್ದದ ಎರಡು ತಂತಿಗಳನ್ನು ಅಕ್ಕಪಕ್ಕ ಇಟ್ಟು, ಏಣಿಯ ಮೆಟ್ಟಿಲಿನಂತೆ 3 ಸೆಂಟಿಮೀಟರಿಗೊಂದು ರೆಸಿಸ್ಟರ್ ಬೆಸೆಯಬೇಕು. ಒಂದು ತಂತಿಗೆ ಕೇಬಲ್ಲಿನ ಕೆಂಪು, ಇನ್ನೊಂದಕ್ಕೆ ಕಪ್ಪು. ಹಸಿರು, ಬಿಳಿ ತಂತಿಗಳನ್ನು ಕತ್ತರಿಸಿ ಬೇರೆ ಬೇರೆಯಾಗಿ ಟೇಪ್ ಸುತ್ತಿ ಬಿಡಬೇಕು. 5 ವೋಲ್ಟಿಗೆ ಒಂದೊಂದು ರೆಸಿಸ್ಟರ್ ಅರ್ಧ ವ್ಯಾಟಿನಷ್ಟು ಬಿಸಿಯಾಗುತ್ತದೆ, ಎಂಟೂ ಸೇರಿ ಸುಮಾರು 4.25 ವ್ಯಾಟ್. ರೆಸಿಸ್ಟರ್ ತಾಳುವ ಮಿತಿಯ ಅರ್ಧದಲ್ಲೇ ಕೆಲಸ ಮಾಡುವುದರಿಂದ ಸುಡುವ ಭಯವಿಲ್ಲ. ಪವರ್ ಬ್ಯಾಂಕಿಗೆ ಚುಚ್ಚುವ ಮೊದಲು ಮಲ್ಟಿಮೀಟರ್ ಹಿಡಿದು ನೋಡಿ. 5.9 ಓಮ್ ಆಸುಪಾಸು ತೋರಿಸಬೇಕು. ಸೊನ್ನೆಯ ಹತ್ತಿರ ತೋರಿಸಿದರೆ ಎಲ್ಲೋ ಎರಡು ತಂತಿ ಮುಟ್ಟುತ್ತಿವೆ. ಆರೂವರೆಯ ಮೇಲೆ ತೋರಿಸಿದರೆ ಬೆಸುಗೆ ಬಿಟ್ಟಿದೆ. ಬೆಸುಗೆಗಳಿಗೆ ಹೀಟ್ ಶ್ರಿಂಕ್ (ಕಾಸಿದರೆ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ಹಾಕಿ, ಎರಡು ಪದರ ಹತ್ತಿ ಬಟ್ಟೆಯಲ್ಲಿ ಹೊಲಿದು, ಹೊರಬದಿಗೆ ಫೋಮ್ ತುಂಡು ಕೊಟ್ಟರೆ ಶಾಖ ಲೆನ್ಸಿನ ಕಡೆಗೇ ಹೋಗುತ್ತದೆ. ಮನೆಯಲ್ಲಿ ಒಂದು ಗಂಟೆ ಹಾಕಿಟ್ಟು ಮುಟ್ಟಿ ನೋಡಿ. ಬೆಚ್ಚಗಿರಬೇಕು, ಕೈ ಹಿಂದೆಳೆಯುವಂತಿರಬಾರದು.

ಪಟ್ಟಿ ಮುಂದಿನ ಗಾಜಿನ ಹಿಂದೆಯೇ ಬರಬೇಕು, ಫೋಕಸ್ ರಿಂಗ್ ಮೇಲಲ್ಲ. ಇನ್ನೂ ಒಂದು ಮಾತು ಮುಖ್ಯ: ಲೆನ್ಸ್ ಬಿಸಿಯಾದಾಗ ಫೋಕಸ್ ತುಸು ಸರಿಯುತ್ತದೆ. ಆದ್ದರಿಂದ ಹೀಟರ್ ಹಾಕಿ ಅರ್ಧ ಗಂಟೆ ಬಿಟ್ಟ ಮೇಲೆಯೇ ಫೋಕಸ್ ಮಾಡುವುದು. ಲೈವ್ ವ್ಯೂನಲ್ಲಿ ಹತ್ತು ಪಟ್ಟು ಹಿಗ್ಗಿಸಿ, ಚಳಿಗಾಲದಲ್ಲಿ ಲುಬ್ಧಕವನ್ನೋ ಬೇಸಿಗೆಯಲ್ಲಿ ಸ್ವಾತಿಯನ್ನೋ ಹಿಡಿದು, ಚುಕ್ಕೆ ಅತಿ ಸಣ್ಣದಾಗುವವರೆಗೆ ತಿರುಗಿಸಿ, ರಿಂಗಿಗೆ ಟೇಪ್ ಅಂಟಿಸಿಬಿಡುತ್ತೇನೆ. ಆಟೋಫೋಕಸ್ ಮತ್ತು ಲೆನ್ಸಿನ ಸ್ಟೆಬಿಲೈಸೇಶನ್ (ಕೈ ನಡುಕ ಸರಿಪಡಿಸುವ ವ್ಯವಸ್ಥೆ) ಎರಡೂ ಆಫ್.

10,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ಲೆಕ್ಕಕ್ಕೆ 37 ವ್ಯಾಟ್-ಗಂಟೆ ಇದ್ದರೂ ಕೈಗೆ ಬರುವುದು ಮೂವತ್ತರ ಆಸುಪಾಸು. ಹೀಟರಿಗೆ ಅದು ಏಳು ಗಂಟೆ ಬರುತ್ತದೆ. ಕ್ಯಾಮೆರಾಕ್ಕೆ ಡಮ್ಮಿ ಬ್ಯಾಟರಿ (ಬ್ಯಾಟರಿಯ ಜಾಗದಲ್ಲಿ ಕೂರುವ, ಕೇಬಲ್ ಇರುವ ಡಬ್ಬಿ) ಹಾಕಿ ಇನ್ನೂ ದೊಡ್ಡ ಪವರ್ ಬ್ಯಾಂಕಿನಿಂದ ಕರೆಂಟ್ ಕೊಡುವುದು ಒಳ್ಳೆಯದು, ಏಕೆಂದರೆ ನಡುರಾತ್ರಿ ಬ್ಯಾಟರಿ ಬದಲಿಸಿದರೆ ಚೌಕಟ್ಟು ಅಲುಗದೆ ಇರುವುದಿಲ್ಲ. ಕೆಲವು ಪವರ್ ಬ್ಯಾಂಕ್‌ಗಳು ಎಳೆತ ಕಡಿಮೆಯಾದರೆ ತಾವೇ ಆರಿಹೋಗುತ್ತವೆ. ಕ್ಯಾಮೆರಾ ಎಳೆಯುವುದು ತೀರಾ ಕಡಿಮೆ. ಹೀಟರನ್ನೂ ಅದೇ ಪವರ್ ಬ್ಯಾಂಕಿಗೆ ಚುಚ್ಚಿದರೆ ಅದು ಎಚ್ಚರವಾಗಿಯೇ ಇರುತ್ತದೆ. ಕೇಬಲ್‌ಗಳು ಕ್ಯಾಮೆರಾಕ್ಕಿಂತ ಕೆಳಗೆ ಒಂದು ಸುತ್ತು ಜೋತು ಬಿದ್ದಿರಲಿ. ಇಲ್ಲದಿದ್ದರೆ ಕೇಬಲ್ ಮೇಲೆ ಕೂತ ಇಬ್ಬನಿ ಹರಿದು ನೇರ ಪೋರ್ಟಿನೊಳಗೆ ಇಳಿಯುತ್ತದೆ. ಕ್ಯಾಮೆರಾದ ಬೆನ್ನಿಗೆ ಒಂದು ತುಂಡು ಅಡಿಕೆ ಹಾಳೆ ಹೊದಿಸಿ ರಬ್ಬರ್ ಬ್ಯಾಂಡ್ ಹಾಕಿದರೆ ಬಾಡಿ ಒದ್ದೆಯಾಗುವುದಿಲ್ಲ.

ಯಾವಾಗ, ಎತ್ತ ಎನ್ನುವುದಕ್ಕೆ ಗೋಡೆಯ ಪಂಚಾಂಗ ಸಾಕು. ಕೃಷ್ಣ ತ್ರಯೋದಶಿಯಿಂದ ಶುಕ್ಲ ಪಂಚಮಿವರೆಗೆ ಚಂದ್ರನ ಕಾಟವಿಲ್ಲ. ನಮ್ಮ ಅಕ್ಷಾಂಶ ಸುಮಾರು 14 ಡಿಗ್ರಿ ಆದ್ದರಿಂದ ಧನು ರಾಶಿಯ ಕಡೆಯ ಕ್ಷೀರಪಥದ ನಡುಭಾಗ ಪೂರ್ವದಿಂದ 30 ಡಿಗ್ರಿ ದಕ್ಷಿಣಕ್ಕೆ ಹುಟ್ಟಿ, ದಕ್ಷಿಣದಲ್ಲಿ 47 ಡಿಗ್ರಿವರೆಗೆ ಏರುತ್ತದೆ. ಮಾರ್ಚ್ 21ರ ಸುಮಾರಿಗೆ ಅದು ಹುಟ್ಟುವುದು ರಾತ್ರಿ ಹನ್ನೆರಡೂ ಮುಕ್ಕಾಲಿಗೆ, ಏಪ್ರಿಲ್ 20ಕ್ಕೆ ಹತ್ತೂ ಮುಕ್ಕಾಲಿಗೆ. ತಿಂಗಳಿಗೆ ಎರಡು ಗಂಟೆ ಹಿಂದಕ್ಕೆ ಬರುತ್ತದೆ. ಏಪ್ರಿಲ್‌ನಲ್ಲಿ ಬೆಳಗಿನ ಐದರವರೆಗೆ ಕತ್ತಲಿರುವುದರಿಂದ ಆರು ಗಂಟೆ ಪೂರ್ತಿ ಸಿಗುತ್ತದೆ. ಆದರೆ ಫೆಬ್ರವರಿಯಿಂದ ಕಾಡಿನ ಬೆಂಕಿ, ದರಕು (ಒಣ ಎಲೆ) ಸುಡುವ ಹೊಗೆ ದಿಗಂತದಲ್ಲಿ ಕೆಂಪಗೆ ಕಟ್ಟಿಕೊಂಡಿರುತ್ತದೆ. ರೇವತಿ ಮಳೆಯೋ ಅಶ್ವಿನಿ ಮಳೆಯೋ ಒಂದು ಸಲ ಗಟ್ಟಿಯಾಗಿ ಹೊಡೆದು, ಮಾರನೆಯ ರಾತ್ರಿ ಮೋಡ ಚೆದುರಿದರೆ ವರ್ಷದಲ್ಲೇ ಅದರಂಥ ಆಕಾಶ ಇನ್ನೊಂದಿಲ್ಲ. ನೆಲ ಒದ್ದೆಯಿರುವ ಆ ರಾತ್ರಿ ಹೀಟರ್ ಬೇಕೇ ಬೇಕು.

ನಮಗೆ ತೊಡಕು ಮರಗಳದ್ದು. ತೋಟದ ನಡುವೆ ನಿಂತರೆ ಆಕಾಶವೇ ಕಾಣುವುದಿಲ್ಲ. ಕೊಯ್ಲು ಮುಗಿದ ಗದ್ದೆ ಬಯಲು, ಅಥವಾ ದಕ್ಷಿಣಕ್ಕೆ ನೀರಿರುವ ಶರಾವತಿ ಹಿನ್ನೀರಿನ ದಡ ಒಳ್ಳೆಯ ಜಾಗ. ಹೊಸನಗರದಿಂದ ಶಿವಮೊಗ್ಗ ನೇರ ಪೂರ್ವಕ್ಕಿದೆ, ಪೇಟೆಯ ಬೆಳಕನ್ನು ಚೌಕಟ್ಟಿನ ಎಡಕ್ಕೆ ಬಿಟ್ಟುಬಿಡಬಹುದು. ಘಟ್ಟದ ಅಂಚಿಗೆ ಹೋದರೆ ಪಶ್ಚಿಮದಲ್ಲಿ ಕರಾವಳಿಯ ಬೆಳಕು ಏಳುತ್ತದೆ. ಕೊಡಚಾದ್ರಿ 1343 ಮೀಟರ್ ಎತ್ತರವಿದ್ದರೂ ವನ್ಯಜೀವಿಧಾಮದ ನಡುವಿನ ಜಾಗ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಂಥ ಕಡೆ ರಾತ್ರಿ ಉಳಿಯುವ ಯೋಚನೆ ಬೇಡ. ಗದ್ದೆಯವರಿಗೆ, ಅಕ್ಕಪಕ್ಕದ ಮನೆಯವರಿಗೆ ಸಂಜೆಯೇ ಹೇಳಿಡಬೇಕು. ಅಂಗಳದ ಲೈಟ್ ಆರಿಸಿರುತ್ತಾರೆ, ಹಂದಿ ಕಾಯುವವರು ನಿಮ್ಮತ್ತ ಬ್ಯಾಟರಿ ಬೆಳಕು ಬಿಡುವುದಿಲ್ಲ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದ ಕೂಡಲೇ ಹೊತ್ತಿಕೊಳ್ಳುವ ಪಂಪ್‌ಹೌಸ್ ಬಲ್ಬ್ ಎಲ್ಲಿದೆ ಎನ್ನುವುದನ್ನೂ ಹಗಲಲ್ಲೇ ನೋಡಿಡಿ.

ಬೇಸಿಗೆಯಲ್ಲಿ ಹಿನ್ನೀರು ಇಳಿದ ಮೇಲೆ ಸಿಗುವ ಬಯಲು ಮೇಲ್ನೋಟಕ್ಕೆ ಗಟ್ಟಿ, ಒಳಗೆ ಜೇಡಿ. ಟ್ರೈಪಾಡಿನ ಒಂದು ಕಾಲು ಇಡೀ ರಾತ್ರಿಯಲ್ಲಿ ಬೆರಳಿನಷ್ಟು ಕುಸಿದರೆ ಸಾಕು, ವಿಡಿಯೋದಲ್ಲಿ ಗುಡ್ಡದ ಸಾಲು ನಿಧಾನ ವಾಲುತ್ತದೆ. ಮೂರೂ ಕಾಲಿನ ಅಡಿಗೆ ಅಡಿಕೆ ದಬ್ಬೆಯ ಅಗಲ ತುಂಡು ಕೊಟ್ಟು, ನಡುವಿನ ಕೊಕ್ಕೆಗೆ ಕಲ್ಲಿನ ಚೀಲ ನೆಲಕ್ಕೆ ತಾಗುವಂತೆ ಕಟ್ಟಬೇಕು. ತೂಗಾಡುವಂತೆ ಬಿಟ್ಟರೆ ಗಾಳಿಗೆ ಅದೇ ಅಲುಗಿಸುತ್ತದೆ.

ಸೆಟ್ಟಿಂಗ್ ಹೇಳುವುದು ಸುಲಭ: ಮ್ಯಾನುಯಲ್, ರಾ (ಕ್ಯಾಮೆರಾ ತಿದ್ದದ ಮೂಲ ಫೈಲ್), ಎಫ್/2.8, 20 ಸೆಕೆಂಡ್, ಐಎಸ್ಒ (ಬೆಳಕು ಹಿಡಿಯುವ ಚುರುಕು) 3200, ವೈಟ್ ಬ್ಯಾಲೆನ್ಸ್ 4000 ಕೆಲ್ವಿನ್‌ಗೆ ಕಟ್ಟಿದ್ದು. ಎಪಿಎಸ್-ಸಿ ಮೇಲೆ 14 ಮಿಮೀಗೆ 500ರ ಲೆಕ್ಕ (500ನ್ನು ಲೆನ್ಸಿನ ಮಿಮೀಯ ಒಂದೂವರೆ ಪಟ್ಟಿನಿಂದ ಭಾಗಿಸುವುದು) ಹಾಕಿದರೆ 24 ಸೆಕೆಂಡಿನವರೆಗೆ ನಕ್ಷತ್ರ ಎಳೆದಂತೆ ಕಾಣುವುದಿಲ್ಲ. ಇಂಟರ್ವಲ್ (ಒಂದು ಫೋಟೋ ಶುರುವಾದಾಗಿನಿಂದ ಮುಂದಿನದು ಶುರುವಾಗುವವರೆಗಿನ ಅಂತರ) 24 ಸೆಕೆಂಡ್ ಇಟ್ಟರೆ ಆರು ಗಂಟೆಗೆ 900 ಫ್ರೇಮ್, ಸೆಕೆಂಡಿಗೆ 25ರಂತೆ 36 ಸೆಕೆಂಡಿನ ವಿಡಿಯೋ. ಒಂದು ಫೈಲ್ 25 ಎಂಬಿ ಎಂದರೆ 22.5 ಜಿಬಿ, 64 ಜಿಬಿ ಕಾರ್ಡ್ ಸಾಕು. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ (ಸೆನ್ಸರಿನ ಚುಕ್ಕೆ ಕಲೆ ತೆಗೆಯುವ ಸೌಲಭ್ಯ) ಆಫ್ ಇರಲೇಬೇಕು. ಅದು ಪ್ರತಿ ಫೋಟೋದ ನಂತರ ಅಷ್ಟೇ ಹೊತ್ತು ಕತ್ತಲೆಯ ಇನ್ನೊಂದು ಫೋಟೋ ತೆಗೆಯುವುದರಿಂದ ನಕ್ಷತ್ರಗಳು ಜಿಗಿಯುತ್ತವೆ. ಅದರ ಬದಲು ಕೊನೆಯಲ್ಲಿ ಕ್ಯಾಪ್ ಹಾಕಿ ಅದೇ ಸೆಟ್ಟಿಂಗ್‌ನಲ್ಲಿ ಹತ್ತು ಫ್ರೇಮ್ ತೆಗೆದಿಟ್ಟರೆ ಆಮೇಲೆ ಆ ಕಲೆಗಳನ್ನು ಫೋಟೋಗಳಿಂದ ಕಳೆಯಬಹುದು. ಬಹಳಷ್ಟು ಕ್ಯಾಮೆರಾಗಳಲ್ಲಿ 30 ಸೆಕೆಂಡ್ ಎಂದು ಬರೆದದ್ದು ನಿಜಕ್ಕೂ 32 ಸೆಕೆಂಡ್, 15 ಎಂದದ್ದು 16. 30ಕ್ಕೆ 31ರ ಇಂಟರ್ವಲ್ ಕೊಟ್ಟರೆ ಒಂದು ಬಿಟ್ಟು ಒಂದು ಫ್ರೇಮ್ ತಪ್ಪುವುದು ಇದಕ್ಕೇ. ಹೊಸ ಕ್ಯಾಮೆರಾ ಕೈಗೆ ಬಂದರೆ ಗಡಿಯಾರ ಹಿಡಿದು ಇಪ್ಪತ್ತು ಫ್ರೇಮ್ ತೆಗೆದು ಎಣಿಸಿ ನೋಡಿ.

ಡಿಸೆಂಬರ್, ಜನವರಿಯಲ್ಲಿ ಗುಡ್ಡದ ಮೇಲಿಂದ ಕಣಿವೆಯ ಮಂಜು ತೆಗೆಯುವುದಾದರೆ ಈ ಲೆಕ್ಕ ಹೊಂದುವುದಿಲ್ಲ. ಮಂಜು ಆಕಾಶಕ್ಕಿಂತ ಬೇಗ ಓಡುತ್ತದೆ, 24 ಸೆಕೆಂಡಿಗೊಂದರಂತೆ ತೆಗೆದರೆ ಹರಿಯುವ ಬದಲು ಹಾರುತ್ತದೆ. ಶುಕ್ಲ ಅಷ್ಟಮಿ ಹೊತ್ತಿನ ಚಂದ್ರನ ಬೆಳಕಿದ್ದರೆ 6 ಸೆಕೆಂಡ್ ಎಕ್ಸ್‌ಪೋಶರ್, 8 ಸೆಕೆಂಡ್ ಇಂಟರ್ವಲ್ ಇಡಬಹುದು. ಕ್ಷೀರಪಥ ಮಸುಕಾಗುತ್ತದೆ, ಆದರೆ ಮಂಜು ನೀರಿನಂತೆಯೇ ಬರುತ್ತದೆ. ನನಗೆ ಇದೇ ಹೆಚ್ಚು ಇಷ್ಟ.

ಎಡಿಟಿಂಗ್ ಶುರು ಮಾಡುವ ಮೊದಲು ಫೈಲ್‌ಗಳಿಗೆ ಹೊಸ ಕ್ರಮಸಂಖ್ಯೆ ಕೊಡಿ. ಕ್ಯಾಮೆರಾದ ಎಣಿಕೆ 9999 ಮುಟ್ಟಿ 0001ಕ್ಕೆ ತಿರುಗಿದ್ದರೆ ಸೀಕ್ವೆನ್ಸ್ ಅಲ್ಲೇ ತುಂಡಾಗುತ್ತದೆ. ಡಾರ್ಕ್‌ಟೇಬಲ್‌ನಲ್ಲಿ (ಫೋಟೋ ತಿದ್ದುವ ಸಾಫ್ಟ್‌ವೇರ್) ಒಂದು ಫ್ರೇಮ್ ತಿದ್ದಿ ಉಳಿದವಕ್ಕೆಲ್ಲ ಅದನ್ನೇ ಅಂಟಿಸಿ, ಜೆಪಿಇಜಿ ತೆಗೆದು ವಿಡಿಯೋ ಜೋಡಿಸುವ ಡಾವಿಂಚಿ ರಿಸಾಲ್ವ್‌ಗೆ ಹಾಕಿದರೆ ಅದು ಎಲ್ಲವನ್ನೂ ಒಂದೇ ಕ್ಲಿಪ್ ಆಗಿ ಓದುತ್ತದೆ. ಎರಡೂ ಉಚಿತ. ಘಾಟಿಯಲ್ಲಿ ಜೀಪಿನ ಲೈಟ್ ಬಿದ್ದ ಫ್ರೇಮನ್ನು ಅಳಿಸಬೇಡಿ, ಅಳಿಸಿದರೆ ಆಕಾಶ ಜಿಗಿಯುತ್ತದೆ. ಅದರ ನೆಲದ ಭಾಗಕ್ಕೆ ಮಾತ್ರ ಹಿಂದಿನ ಫ್ರೇಮಿನ ನೆಲ ಅಂಟಿಸಬೇಕು.

ಬೆಳಿಗ್ಗೆ ಮನೆಯೊಳಗೆ ಕಾಲಿಡುವ ಮುಂಚೆಯೇ ಕ್ಯಾಮೆರಾ ಒರೆಸಿ ಜಿಪ್ ಇರುವ ಪ್ಲಾಸ್ಟಿಕ್ ಕವರಿಗೆ ಹಾಕಿ ಮುಚ್ಚಬೇಕು. ಒಲೆ ಉರಿಯುವ ಮನೆಯ ಬೆಚ್ಚನೆ ಗಾಳಿ ತಣ್ಣನೆ ಕ್ಯಾಮೆರಾಕ್ಕೆ ತಾಗಿದರೆ ಒಳಗಿನ ಗಾಜಿನಲ್ಲೂ ನೀರು ಕೂರುತ್ತದೆ, ಫಂಗಸ್ ಶುರುವಾಗುವುದು ಅಲ್ಲಿಂದಲೇ. ಒಂದೂವರೆ ಗಂಟೆ ಬಿಟ್ಟು ತೆಗೆದು, ಸಿಲಿಕಾ ಜೆಲ್ ಇರುವ ಡಬ್ಬಕ್ಕೆ ಹಾಕಿ. ನೀಲಿ ಹರಳು ಗುಲಾಬಿಯಾದರೆ ಅಡುಗೆಗೆ ಬಳಸದ ಹಳೆಯ ಕಾವಲಿಯಲ್ಲಿ ಸಣ್ಣ ಉರಿಗೆ ನೀಲಿ ಮರಳುವವರೆಗೆ ಹುರಿಯಬೇಕು. ಕಾರ್ಡನ್ನು ಕವರಿಗೆ ಹಾಕುವ ಮೊದಲೇ ಹೊರಗೆ ತೆಗೆದಿಟ್ಟುಕೊಂಡರೆ ಆ ಒಂದೂವರೆ ಗಂಟೆಯಲ್ಲಿ ಫೈಲ್‌ಗಳನ್ನು ಕಾಪಿ ಮಾಡಿ ಮುಗಿಸಬಹುದು.