ಕಂಪ್ಯೂಟರ್ ಎದ್ದರೂ ಮೇಲ್ ಏಳುತ್ತಿರಲಿಲ್ಲ

ಲ್ಯಾಪ್‌ಟಾಪ್ ಮುಚ್ಚಿಟ್ಟು ಒಂದು ಗಂಟೆ ಬಿಟ್ಟು ತೆರೆದರೆ ಸಾಕು, ಮೇಲ್ ಪ್ರೋಗ್ರಾಂ ಮುಷ್ಕರ ಹೂಡುತ್ತಿತ್ತು. ಬ್ರೌಸರ್ ಓಡುತ್ತಿತ್ತು, ವೈಫೈ ಫುಲ್ ಇತ್ತು, ಆದರೆ ಇನ್‌ಬಾಕ್ಸ್ ಕೆಳಗಿನ ಪುಟ್ಟ ಚಕ್ರ ಮಾತ್ರ ಸುಮ್ನೆ ತಿರುಗುತ್ತಾ ತಿರುಗುತ್ತಾ ಒಂದೂವರೆ ನಿಮಿಷವಾದ ಮೇಲೆ ‘ಸರ್ವರ್ ಉತ್ತರಿಸುತ್ತಿಲ್ಲ’ ಅನ್ನುತ್ತಿತ್ತು. ಮೇಲ್ ಪ್ರೋಗ್ರಾಂ ಮುಚ್ಚಿ ತೆರೆದರೆ ಸರಿ.

ಪಾಸ್‌ವರ್ಡ್ ಮತ್ತೆ ಹಾಕಿದೆ. ಅಕೌಂಟ್ ಅಳಿಸಿ ಸೇರಿಸಿದೆ, ಹಳೇ ಮೇಲ್ ಎಲ್ಲಾ ಮತ್ತೆ ಇಳಿಯುವವರೆಗೆ ಕಾದೆ. ದಂಡ.

ಆಮೇಲೆ ಹೊಳೆಯಿತು. ಐಮ್ಯಾಪ್‌ನಲ್ಲಿ, ಅಂದರೆ ಮೇಲನ್ನು ಸರ್ವರ್‌ನಲ್ಲೇ ಇಟ್ಟು ಓದುವ ವಿಧಾನದಲ್ಲಿ, ಪ್ರೋಗ್ರಾಂ ಸರ್ವರ್‌ನ 993ನೇ ಪೋರ್ಟ್‌ನಲ್ಲಿ (ಬಾಗಿಲ ನಂಬರ್ ಇದ್ದ ಹಾಗೆ) ಸಂಪರ್ಕ ತೆರೆದಿಟ್ಟುಕೊಂಡು ಹೊಸ ಮೇಲ್‌ಗಾಗಿ ಕಾಯುತ್ತದೆ, ಇದಕ್ಕೆ ಐಡಲ್ ಅಂತಾರೆ. ಹೆಚ್ಚೆಂದರೆ 29 ನಿಮಿಷಕ್ಕೊಮ್ಮೆ ‘ನಾನಿನ್ನೂ ಇದ್ದೇನೆ’ ಅಂತ ಅದು ಸರ್ವರ್‌ಗೆ ನೆನಪಿಸಬೇಕು. ಮಲಗಿರೋ ಕಂಪ್ಯೂಟರ್ ನೆನಪಿಸೋದು ಹೇಗೆ, ಅಲ್ವಾ? ಸರ್ವರ್ ಲೈನ್ ಕಟ್ ಮಾಡಿರುತ್ತದೆ, ನಮ್ಮ ಪ್ರೋಗ್ರಾಂ ಮಾತ್ರ ಸತ್ತ ಫೋನ್ ಕಿವಿಗಿಟ್ಟುಕೊಂಡು ಹಲೋ ಹಲೋ ಅನ್ನುತ್ತಿರುತ್ತದೆ.

ಪರೀಕ್ಷೆ ಸುಲಭ. ಸಿಕ್ಕಿಹಾಕಿಕೊಂಡಾಗ ಫೈಲ್ ಮೆನುವಿನಲ್ಲಿ ‘ಆಫ್‌ಲೈನ್’ ಒತ್ತಿ, ಮತ್ತೆ ಆನ್‌ಲೈನ್ ಮಾಡಿದೆ. ಪಟಪಟ ಅಂತ ಏಳು ಮೇಲ್ ಬಿದ್ದವು! ಹಾಗಾಗಿ ಅಕೌಂಟಿನ ಅಡ್ವಾನ್ಸ್‌ಡ್ ಸೆಟ್ಟಿಂಗ್‌ನಲ್ಲಿ ಐಡಲ್ ಗುರುತು ತೆಗೆದೆ, ಹತ್ತು ನಿಮಿಷಕ್ಕೊಮ್ಮೆ ನೋಡು ಅಂತ ಹಾಕಿದೆ, ಟೈಮ್‌ಔಟನ್ನು (ಸರ್ವರ್ ಉತ್ತರಕ್ಕೆ ಕಾಯುವ ಗಡುವು) 100 ಸೆಕೆಂಡಿನಿಂದ 30ಕ್ಕೆ ಇಳಿಸಿದೆ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಕಾರ್ಡಿನ ಪವರ್ ಉಳಿತಾಯದ ಟಿಕ್ಕನ್ನೂ ತೆಗೆದು ನೋಡಿದ್ದೆ. ನನಗದು ಉಪಯೋಗಕ್ಕೆ ಬರಲಿಲ್ಲ, ವಾಪಸ್ ಹಾಕಿದೆ.

ಎರಡು ವಾರದಿಂದ ತೊಂದರೆಯಿಲ್ಲ. ಓಟಿಪಿ ಬರೋದಿದ್ದಾಗ ಮಾತ್ರ ರಿಫ್ರೆಶ್ ಬಟನ್ ನಾನೇ ಒತ್ತಬೇಕು.